ಹಗಲುನಿದ್ರೆಯ ರೋಗ

ಪಾಠದ ನಡುವೆ ತೂಕಡಿಸುವ ವಿದ್ಯಾರ್ಥಿಗೆ ‘ಕುಂಭಕರ್ಣ’ನೆಂಬ ಬಿರುದು ನಮ್ಮ ಶಾಲೆಗಳಲ್ಲಿ ಬಹು ಸುಲಭವಾಗಿ ದೊರೆಯುತ್ತದೆ. ಕಂಸಾಳೆಯವರು ಹಾಡುವ ಮಹದೇಶ್ವರನ ಕಥೆಯನ್ನು ಬೆಳಗಿನ ಜಾವದವರೆಗೆ ಕುಳಿತು ಕೇಳಿದವನು, ರೇಷ್ಮೆಹುಳುಗಳಿಗೆ ಸೊಪ್ಪು ಹಾಕಲು ಸರಿಹೊತ್ತಿನಲ್ಲಿ ಎದ್ದವನು ಮರುದಿನ ತೂಕಡಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದೆರಡು ರಾತ್ರಿ ಚೆನ್ನಾಗಿ ಮಲಗಿದರೆ ಅವನ ತೂಕಡಿಕೆ ತಾನಾಗಿ ನೀಗುತ್ತದೆ. ಆದರೆ ರಾತ್ರಿ ಎಂಟು ಗಂಟೆಗಳ ಕಾಲ ಮಲಗಿದ್ದರೂ ಪ್ರತಿದಿನವೂ, ವರ್ಷಗಟ್ಟಲೆ, ಊಟ ಮಾಡುವಾಗ, ಮಾತನಾಡುವಾಗ, ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಕೂಡ ತಡೆಯಲಾರದ ನಿದ್ರೆಗೆ ವಶರಾಗುವ ಕೆಲವರಿದ್ದಾರೆ. ಇವರು ಸೋಮಾರಿಗಳಲ್ಲ. ಮಿದುಳಿನಲ್ಲಿರುವ ಒಂದು ಪುಟ್ಟ ಕೋಶಸಮೂಹ ನಾಶವಾದುದರ ಫಲವನ್ನು ಅವರು ಅನುಭವಿಸುತ್ತಿರುತ್ತಾರೆ. ಈ ರೋಗಕ್ಕೆ ನಾರ್ಕೊಲೆಪ್ಸಿ ಎಂದು ಹೆಸರು.

ಈ ರೋಗ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು ವರ್ಷಗಳ ವಯಸ್ಸಿನಲ್ಲಿ, ಎಂದರೆ ಪ್ರೌಢಶಾಲೆ ಮತ್ತು ಕಾಲೇಜುಗಳ ದಿನಗಳಲ್ಲಿ, ತಲೆದೋರುತ್ತದೆ. ಆದ್ದರಿಂದ ಅದರ ಸ್ವರೂಪವನ್ನು ವಿದ್ಯಾರ್ಥಿಗಳೇ ಅರಿತಿರುವುದು ಒಳ್ಳೆಯದು. ರೋಗಿಯ ದಿನಚರಿ ಹೇಗೆ ಕೆಡುತ್ತದೆ, ಅದನ್ನು ಹೇಗೆ ಸರಿಪಡಿಸಬಹುದು, ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಂತಹ ಗ್ರಾಮಾಂತರ ಪ್ರದೇಶದಲ್ಲಿ ಇಂತಹವರನ್ನು ಗುರುತಿಸುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ರೋಗದ ಲಕ್ಷಣಗಳು

1877ರಲ್ಲಿ ಜರ್ಮನಿಯ ವೆಸ್ಟ್‌ಫಾಲ್ ಎಂಬ ವೈದ್ಯನು ಈ ರೋಗವನ್ನು ವರ್ಣಿಸಿದನು. 1880ರಲ್ಲಿ ಫ್ರಾನ್ಸಿನ ಗೆಲಿನೋ ಎಂಬ ವೈದ್ಯನು ಇದಕ್ಕೆ ಈಗಿನ ಹೆಸರನ್ನಿಟ್ಟನು. ಅವನ ರೋಗಿ ಮದ್ಯದ ಪೀಪಾಯಿಗಳ ವ್ಯಾಪಾರಿ; ವಯಸ್ಸು 38. ದಿನವೊಂದಕ್ಕೆ ಅನೇಕ ಬಾರಿ ನಿದ್ರೆ ಅವನನ್ನು ಆಕ್ರಮಿಸುತ್ತಿತ್ತು. ನಕ್ಕರೆ ಅಥವಾ ಸಂತೋಷವಾದರೆ ಅವನ ಕಾಲುಗಳು ಸೋತು ಕುಸಿದುಬೀಳುತ್ತಿದ್ದನು.

ಈ ರೋಗದಲ್ಲಿ ಐದು ಮುಖ್ಯ ಲಕ್ಷಣಗಳನ್ನು ಕಾಣಬಹುದು. ಮೊದಲನೆಯದು, ಹಗಲಿನಲ್ಲಿ ಮತ್ತೆ ಮತ್ತೆ ಕವಿಯುವ ನಿದ್ರೆ. ಹತ್ತು ಇಪ್ಪತ್ತು ನಿಮಿಷ ಮಲಗಿ ಎದ್ದರೆ ರೋಗಿ ಚೇತರಿಸಿಕೊಳ್ಳುತ್ತಾನೆ. ಒಂದೆರಡು ಗಂಟೆಗಳಲ್ಲಿ ನಿದ್ರೆ ಮತ್ತೆ ಕವಿಯುತ್ತದೆ. ಎರಡನೆಯದು ಕ್ಯಾಟಪ್ಲೆಕ್ಸಿ. ನಗು, ಆನಂದ, ಅನಿರೀಕ್ಷಿತವಾದ ಬೆರಗು, ಕೆಲವೊಮ್ಮೆ ಕೋಪ ಉಂಟಾದಾಗ ಸ್ನಾಯುಗಳ ಬಿಗಿ ಹಠಾತ್ತನೆ ಸಡಿಲವಾಗುತ್ತದೆ. ದವಡೆ ಜೋಲುತ್ತದೆ, ತಲೆ ಬಾಗುತ್ತದೆ, ಮೊಣಕಾಲು ಮಡಿಯುತ್ತದೆ. ಕೆಲವರು ನೆಲಕ್ಕೆ ಬೀಳುತ್ತಾರೆ. ಕೆಲವು ಕ್ಷಣಗಳಲ್ಲಿ, ಹೆಚ್ಚೆಂದರೆ ಒಂದೆರಡು ನಿಮಿಷಗಳಲ್ಲಿ, ಎಲ್ಲವೂ ಮೊದಲಿನಂತಾಗುತ್ತದೆ. ಇಷ್ಟು ಹೊತ್ತೂ ರೋಗಿಗೆ ಪ್ರಜ್ಞೆ ಇರುತ್ತದೆ. ಸುತ್ತಲಿನವರ ಮಾತೆಲ್ಲ ಕೇಳಿಸುತ್ತಿರುತ್ತದೆ.

ಮೂರನೆಯದು, ನಿದ್ರೆ ಹತ್ತುವಾಗ ಅಥವಾ ಎಚ್ಚರವಾಗುವಾಗ ಕೈಕಾಲು ಆಡಿಸಲಾಗದೆ ಬಿದ್ದಿರುವ ಸ್ಥಿತಿ. ನಮ್ಮ ಹಳ್ಳಿಗಳಲ್ಲಿ ಇದನ್ನು ‘ದೆವ್ವ ಅಮುಕಿತು’ ಎಂದು ಹೇಳುವುದುಂಟು. ಈ ರೋಗವಿಲ್ಲದವರಿಗೂ ಇದು ಎಂದಾದರೊಮ್ಮೆ ಅನುಭವಕ್ಕೆ ಬರಬಹುದು. ನಾಲ್ಕನೆಯದು, ಅದೇ ಸಂಧಿಕಾಲದಲ್ಲಿ ಕಣ್ಣಿಗೆ ಕಟ್ಟಿದಂತೆ ತೋರುವ ಭ್ರಮೆಗಳು: ಕೋಣೆಯಲ್ಲಿ ಯಾರೋ ನಿಂತಂತೆ, ಎದೆಯ ಮೇಲೆ ಏನೋ ಕುಳಿತಂತೆ. ಐದನೆಯದು, ರಾತ್ರಿಯ ನಿದ್ರೆ ಮೇಲಿಂದ ಮೇಲೆ ಮುರಿಯುವುದು. ಎಲ್ಲ ರೋಗಿಗಳಲ್ಲಿಯೂ ಈ ಐದೂ ಲಕ್ಷಣಗಳು ಇರಬೇಕೆಂದಿಲ್ಲ. ಹಗಲುನಿದ್ರೆಯೊಂದು ಮಾತ್ರ ಎಲ್ಲರಿಗೂ ಸಮಾನ.

ಕೊನೆಯ ಲಕ್ಷಣವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಇಪ್ಪತ್ತನಾಲ್ಕು ಗಂಟೆಗಳ ಒಟ್ಟು ನಿದ್ರೆಯನ್ನು ಲೆಕ್ಕಹಾಕಿದರೆ ನಾರ್ಕೊಲೆಪ್ಸಿ ರೋಗಿಯ ನಿದ್ರೆ ಇತರರದಕ್ಕಿಂತ ಬಹಳ ಹೆಚ್ಚೇನೂ ಅಲ್ಲ. ಅದು ತುಂಡುತುಂಡಾಗಿ ಹಗಲು ರಾತ್ರಿಗಳೆರಡರಲ್ಲಿಯೂ ಚೆದರಿರುತ್ತದೆ, ಅಷ್ಟೆ. ಆದ್ದರಿಂದ ಕುಂಭಕರ್ಣನ ಹೋಲಿಕೆ ಇಲ್ಲಿ ಸಲ್ಲದು.

ಇದಕ್ಕೆ ಕಾರಣವೇನು?

ಎಲ್ಲ ನಿದ್ರೆಯೂ ಒಂದೇ ಬಗೆಯದಲ್ಲ. 1953ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾನಿಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು, ನಿದ್ರೆಯ ಕೆಲವು ಅವಧಿಗಳಲ್ಲಿ ಮುಚ್ಚಿದ ರೆಪ್ಪೆಗಳೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವುದನ್ನು ಪ್ರಕಟಿಸಿದರು. ಸ್ಪಷ್ಟವಾದ ಕನಸುಗಳು ಬೀಳುವುದು ಹೆಚ್ಚಾಗಿ ಆಗಲೇ. ಇದನ್ನು ಕನಸಿನ ನಿದ್ರೆಯೆಂದು ಕರೆಯೋಣ. ಈ ಹೊತ್ತಿನಲ್ಲಿ ದೇಹದ ಸ್ನಾಯುಗಳನ್ನು ಮಿದುಳು ಸಡಿಲಬಿಟ್ಟಿರುತ್ತದೆ. ಹೀಗಿಲ್ಲದಿದ್ದರೆ ಕನಸಿನಲ್ಲಿ ಓಡುವವನು ಹಾಸಿಗೆಯಿಂದ ಎದ್ದೇ ಓಡಬೇಕಾಗುತ್ತಿತ್ತು. ಆರೋಗ್ಯವಂತನಿಗೆ ಮಲಗಿ ಸುಮಾರು ಒಂದೂವರೆ ಗಂಟೆಯಾದ ಮೇಲೆ ಕನಸಿನ ನಿದ್ರೆ ಬರುತ್ತದೆ. ನಾರ್ಕೊಲೆಪ್ಸಿ ರೋಗಿಗೆ ಅದು ಕಣ್ಣು ಮುಚ್ಚಿದ ಕೆಲವೇ ನಿಮಿಷಗಳಲ್ಲಿ ಬರಬಹುದೆಂದು 1960ರಲ್ಲಿ ವೋಗೆಲ್ ಎಂಬ ಅಮೆರಿಕದ ವೈದ್ಯನು ತೋರಿಸಿದನು.

ಇದರಿಂದ ಲಕ್ಷಣಗಳ ಅರ್ಥ ಸ್ಪಷ್ಟವಾಗುತ್ತದೆ. ಕನಸಿನ ನಿದ್ರೆಯ ಅಂಗಗಳು ಬಿಡಿಬಿಡಿಯಾಗಿ ಎಚ್ಚರದೊಳಕ್ಕೆ ನುಗ್ಗುತ್ತವೆ. ಸ್ನಾಯುಗಳ ಸಡಿಲಿಕೆಯೊಂದೇ ಎಚ್ಚರದಲ್ಲಿ ಬಂದರೆ ಕ್ಯಾಟಪ್ಲೆಕ್ಸಿ. ಹಾಸಿಗೆಯಲ್ಲಿ ಅದು ಮುಂದುವರಿದರೆ ‘ದೆವ್ವ ಅಮುಕಿದ’ ಅನುಭವ. ಕಣ್ಣು ತೆರೆದಿರುವಾಗಲೇ ಕನಸು ಬಂದರೆ ಭ್ರಮೆ.

ಹೀಗೆ ನುಗ್ಗುವುದನ್ನು ಸಾಮಾನ್ಯವಾಗಿ ತಡೆಯುವುದು ಯಾವುದು? ಮಿದುಳಿನ ತಳಭಾಗದಲ್ಲಿ ಹೈಪೊಥಲಾಮಸ್ ಎಂಬ ಸಣ್ಣ ಭಾಗವಿದೆ. ಅಲ್ಲಿರುವ ಕೆಲವು ನರಕೋಶಗಳು ಒರೆಕ್ಸಿನ್ ಅಥವಾ ಹೈಪೊಕ್ರೆಟಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುತ್ತವೆಂದು 1998ರಲ್ಲಿ ಎರಡು ಸಂಶೋಧಕ ತಂಡಗಳು ಬೇರೆ ಬೇರೆಯಾಗಿ ಕಂಡುಕೊಂಡವು. ಮರುವರ್ಷವೇ ಅದಕ್ಕೂ ಈ ರೋಗಕ್ಕೂ ಇರುವ ಸಂಬಂಧ ಬಯಲಾಯಿತು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ನಾರ್ಕೊಲೆಪ್ಸಿಯುಳ್ಳ ಡಾಬರ್‌ಮನ್ ನಾಯಿಗಳನ್ನು ಸಾಕಿದ್ದರು. ರುಚಿಯಾದ ತಿನಿಸನ್ನು ಕಂಡ ಸಂತೋಷಕ್ಕೇ ಅವು ಕಾಲು ಸೋತು ಬೀಳುತ್ತಿದ್ದವು. ಒರೆಕ್ಸಿನ್ನನ್ನು ಗ್ರಹಿಸಬೇಕಾದ ಅಂಶವೇ ಆ ನಾಯಿಗಳಲ್ಲಿ ದೋಷಯುಕ್ತವಾಗಿದೆಯೆಂದು 1999ರಲ್ಲಿ ತಿಳಿಯಿತು. 2000ದಲ್ಲಿ, ಮೃತರಾದ ರೋಗಿಗಳ ಮಿದುಳುಗಳನ್ನು ಪರೀಕ್ಷಿಸಿದಾಗ, ಆರೋಗ್ಯವಂತರಲ್ಲಿ ಸುಮಾರು 70,000ದಷ್ಟಿರುವ ಒರೆಕ್ಸಿನ್ ಕೋಶಗಳಲ್ಲಿ ಬಹುಪಾಲು ನಾಶವಾಗಿದ್ದುದು ಕಂಡುಬಂದಿತು.

ಕೆರೆಯ ಬಯಲಿನಲ್ಲಿ ಬೆಳೆದವರಿಗೆ ಒರೆಕ್ಸಿನ್ ಕೋಶಗಳ ಕೆಲಸವನ್ನು ಒಂದು ಹೋಲಿಕೆಯಿಂದ ತಿಳಿಸಬಹುದು. ಕೆರೆಯ ತೂಬನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಾನೆ. ಅವನಿಲ್ಲದಿದ್ದರೆ ಕೆರೆಯ ನೀರೇನೂ ಹೆಚ್ಚುವುದಿಲ್ಲ. ಆದರೆ ತೂಬು ಹೊತ್ತಲ್ಲದ ಹೊತ್ತಿನಲ್ಲಿ ತೆರೆದು, ನೀರು ಬೇಕಾದಾಗ ಮುಚ್ಚಿಕೊಂಡು ಬೆಳೆಯೆಲ್ಲ ಕೆಡುತ್ತದೆ. ಒರೆಕ್ಸಿನ್ ಕೋಶಗಳು ನಿದ್ರೆಯ ತೂಬಿನ ನೀರುಗಂಟಿಗಳು.

ಈ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ತಪ್ಪಾಗಿ ನಾಶಮಾಡುವುದೆಂಬ ಅಭಿಪ್ರಾಯಕ್ಕೆ ಬಲವಾದ ಆಧಾರಗಳಿವೆ. ಕ್ಯಾಟಪ್ಲೆಕ್ಸಿಯುಳ್ಳ ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ, ನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದು ನಿರ್ದಿಷ್ಟ ಅನುವಂಶಿಕ ಗುರುತು ಇರುತ್ತದೆ. ಆದರೆ ಆ ಗುರುತುಳ್ಳವರಲ್ಲಿ ಅತ್ಯಧಿಕ ಮಂದಿಗೆ ರೋಗ ಬರುವುದೇ ಇಲ್ಲ. ರೋಗಿಯ ಒಡಹುಟ್ಟಿದವರಿಗೆ ಅಥವಾ ಮಕ್ಕಳಿಗೆ ಇದು ಬರುವ ಸಂಭವ ನೂರಕ್ಕೆ ಒಂದೆರಡರಷ್ಟು ಮಾತ್ರ. ಕ್ಯಾಟಪ್ಲೆಕ್ಸಿಯಿಲ್ಲದ ಎರಡನೆಯ ಬಗೆಯ ನಾರ್ಕೊಲೆಪ್ಸಿಯೂ ಉಂಟು. ಅದರಲ್ಲಿ ಒರೆಕ್ಸಿನ್ ಸಾಮಾನ್ಯವಾಗಿ ಕಡಮೆಯಾಗಿರುವುದಿಲ್ಲ.

ದಿನಚರಿಯ ಕಷ್ಟಗಳು

ರೋಗಿಯ ಒಂದು ದಿನವನ್ನು ಊಹಿಸಿಕೊಳ್ಳಿ. ಮೊದಲನೆಯ ಪಾಠಕ್ಕೆ ಅವನು ಚುರುಕಾಗಿಯೇ ಇರುತ್ತಾನೆ. ಹನ್ನೊಂದು ಗಂಟೆಯ ವೇಳೆಗೆ ಕಣ್ಣು ಎಳೆಯತೊಡಗುತ್ತದೆ. ಲೇಖನಿ ಚಲಿಸುತ್ತಲೇ ಇರುತ್ತದೆ. ಆದರೆ ನೋಟ್‌ಪುಸ್ತಕದ ಸಾಲುಗಳು ಕ್ರಮೇಣ ಅರ್ಥವಿಲ್ಲದ ಗೀಚುಗಳಾಗುತ್ತವೆ. ಅರೆನಿದ್ರೆಯಲ್ಲಿ ಯಂತ್ರದಂತೆ ಕೆಲಸವನ್ನು ಮುಂದುವರಿಸುವುದು ಈ ರೋಗದಲ್ಲಿ ಸಾಮಾನ್ಯ. ಗೆಳೆಯರು ಹಾಸ್ಯಮಾಡಿದಾಗ ಅವನು ನಗದೆ ಮುಖ ತಿರುಗಿಸುತ್ತಾನೆ. ನಕ್ಕರೆ ಬೀಳುವೆನೆಂಬ ಭಯ. ಬರಬರುತ್ತಾ ಜಾತ್ರೆ, ಮದುವೆ, ಆಟಗಳಿಂದ ದೂರವಾಗುತ್ತಾನೆ. ಅವನನ್ನು ಗಂಭೀರನೆಂದೋ ಗರ್ವಿಯೆಂದೋ ಜನ ಭಾವಿಸುತ್ತಾರೆ. ನಗುವನ್ನೇ ಅದುಮಿಕೊಂಡು ಬಾಳಬೇಕಾದುದು ಈ ರೋಗದ ಅತಿ ಕ್ರೂರವಾದ ಅಂಶವೆನ್ನಬಹುದು.

ದುಡಿಮೆಯಲ್ಲಿ ಬೇರೆ ಅಪಾಯಗಳಿವೆ. ಕೊಳ್ಳೇಗಾಲದ ಸೀಮೆ ರೇಷ್ಮೆಗೆ ಹೆಸರಾದುದು. ಗೂಡಿನಿಂದ ನೂಲು ತೆಗೆಯುವ ಕೆಲಸದಲ್ಲಿ ಕುದಿನೀರಿನ ಮುಂದೆ ಕುಳಿತಿರಬೇಕು. ಅಲ್ಲಿ ಕ್ಷಣಕಾಲದ ಮೈಮರೆವೂ ಕೈ ಸುಡಬಲ್ಲದು. ಹನೂರಿನ ಕಾಡಂಚಿನ ಹೊಲಗಳಲ್ಲಿ ಆನೆ ಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ರಾತ್ರಿ ಕಾವಲಿರಬೇಕಾಗುತ್ತದೆ. ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ವಾಹನ ನಡೆಸುವವನ ಎಚ್ಚರದ ಮೇಲೆ ಹಲವರ ಪ್ರಾಣ ನಿಂತಿರುತ್ತದೆ. ಒಲೆಯ ಮುಂದೆ ಕುಳಿತ ಗೃಹಿಣಿ, ಬಾವಿಯಲ್ಲಿ ನೀರು ಸೇದುವವಳು, ಕಾವೇರಿಯಲ್ಲಿ ಈಜುವ ಹುಡುಗ, ಇವರೆಲ್ಲರಿಗೂ ಇದೇ ಅಪಾಯ.

ಕೆನಡದ ಬ್ರಾಟನ್ ಎಂಬ ವೈದ್ಯನು ಸಂಗಡಿಗರೊಡನೆ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರ ಅಮೆರಿಕ, ಏಷ್ಯ, ಯೂರೋಪುಗಳ 180 ನಾರ್ಕೊಲೆಪ್ಸಿ ರೋಗಿಗಳ ಬಾಳನ್ನು ಆರೋಗ್ಯವಂತರ ಬಾಳಿನೊಡನೆ ಹೋಲಿಸಿದನು. ವಿದ್ಯಾಭ್ಯಾಸ, ಉದ್ಯೋಗ, ವಾಹನಚಾಲನೆ, ನೆನಪು, ಸ್ನೇಹಸಂಬಂಧ ಮುಂತಾದ ಹಲವು ವಿಷಯಗಳಲ್ಲಿ ರೋಗದ ಪೆಟ್ಟು ಕಂಡುಬಂದಿತು. ಅದೇ ತಂಡ 1984ರಲ್ಲಿ ನಾರ್ಕೊಲೆಪ್ಸಿಯನ್ನು ಮೂರ್ಛೆರೋಗದೊಡನೆ ಹೋಲಿಸಿ ನೋಡಿತು. ಬಾಳಿನ ಹಲವು ಕ್ಷೇತ್ರಗಳಲ್ಲಿ ನಾರ್ಕೊಲೆಪ್ಸಿಯೇ ಹೆಚ್ಚು ತೊಡಕು ಉಂಟುಮಾಡುವುದೆಂದು ತಿಳಿದುಬಂದಿತು. ಮೂರ್ಛೆ ಬಂದಾಗ ಎಲ್ಲರಿಗೂ ಕಾಣುತ್ತದೆ, ಅದನ್ನು ರೋಗವೆಂದು ಒಪ್ಪುತ್ತಾರೆ. ತೂಕಡಿಕೆಯನ್ನಾದರೋ ಯಾರೂ ರೋಗವೆಂದು ಎಣಿಸುವುದಿಲ್ಲ.

ಯಳಂದೂರಿನ ನಿದರ್ಶನ

ಮೂರ್ಛೆರೋಗದ ಮಾತು ಬಂದಾಗ ಯಳಂದೂರನ್ನು ನೆನೆಯಲೇಬೇಕು. ಡಾ. ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು ಈ ಪ್ರದೇಶದ ಸುಮಾರು 65,000 ಜನರಲ್ಲಿ ಮೂರ್ಛೆರೋಗದ ಸಮೀಕ್ಷೆ ನಡೆಸಿ, ಅದರ ಫಲಿತಾಂಶಗಳನ್ನು 1998ರಲ್ಲಿ ಪ್ರಕಟಿಸಿದರು. ಸಾವಿರಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು ಮಂದಿಗೆ ಆ ರೋಗವಿದ್ದುದು ಕಂಡುಬಂದಿತು. ಫೀನೊಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಔಷಧಗಳಿಂದಲೇ ಹಳ್ಳಿಯಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದೆಂಬುದನ್ನು 2001ರಲ್ಲಿ ಅವರು ತೋರಿಸಿದರು. ‘ಯಳಂದೂರು ಅಧ್ಯಯನ’ವೆಂಬ ಹೆಸರಿನಿಂದ ಇದು ವೈದ್ಯಕೀಯ ಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ಮಿದುಳಿನ ರೋಗಿಗಳು ಆಸ್ಪತ್ರೆಗೆ ಬರುವವರೆಗೆ ಕಾಯದೆ ಊರುಗಳಿಗೇ ಹೋಗಿ ಅವರನ್ನು ಕಂಡುಹಿಡಿಯಬಹುದೆಂಬುದು ಅದರ ಪಾಠ.

ಈ ಪಾಠ ನಾರ್ಕೊಲೆಪ್ಸಿಗೂ ಅನ್ವಯಿಸುತ್ತದೆ. ಹೊರದೇಶಗಳ ಗಣನೆಗಳಂತೆ ಲಕ್ಷ ಜನರಲ್ಲಿ 25ರಿಂದ 50 ಮಂದಿಗೆ ಈ ರೋಗವಿರುತ್ತದೆ. ಇದೇ ಪ್ರಮಾಣವನ್ನು ಇಲ್ಲಿಗೂ ಹಿಡಿದು ಲೆಕ್ಕ ಹಾಕೋಣ. ಮೂರು ತಾಲ್ಲೂಕುಗಳ ಜನಸಂಖ್ಯೆ ಒಟ್ಟು 4 ಲಕ್ಷಕ್ಕೆ ಕಡಮೆಯಿಲ್ಲ. ಹಾಗಾದರೆ 100ರಿಂದ 200 ರೋಗಿಗಳು ಇಲ್ಲಿರಬೇಕು. 30,000 ಜನರಿಗೆ ಒಂದರಂತೆ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಏಳರಿಂದ ಹದಿನೈದು ಮಂದಿ ಸಿಕ್ಕಬೇಕು. ಹಲವು ದೇಶಗಳಲ್ಲಿ ರೋಗ ಆರಂಭವಾಗಿ ಅದರ ಹೆಸರು ತಿಳಿಯುವುದಕ್ಕೆ ಹತ್ತು ವರ್ಷಗಳಷ್ಟು ಕಾಲ ಹಿಡಿಯುವುದುಂಟು. ಅಷ್ಟರಲ್ಲಿ ವಿದ್ಯಾಭ್ಯಾಸದ ಕಾಲವೇ ಕಳೆದುಹೋಗಿರುತ್ತದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಕ್ಯಾಟಪ್ಲೆಕ್ಸಿಯಿಂದ ಬಿದ್ದವನನ್ನು ಮೂರ್ಛೆರೋಗಿಯೆಂದು ತಪ್ಪಾಗಿ ತಿಳಿಯುವುದು ಸುಲಭ. ಫೀನೊಬಾರ್ಬಿಟಾಲ್ ನಿದ್ರೆ ತರಿಸುವ ಔಷಧ. ಅದನ್ನು ನಾರ್ಕೊಲೆಪ್ಸಿ ರೋಗಿಗೆ ಕೊಟ್ಟರೆ ಅವನ ಕಷ್ಟ ಇಮ್ಮಡಿಯಾಗುತ್ತದೆ. ಆದ್ದರಿಂದ ಎರಡರ ವ್ಯತ್ಯಾಸವನ್ನು ಅರಿತಿರಬೇಕು. ದೊಡ್ಡ ಮೂರ್ಛೆಯಲ್ಲಿ ಪ್ರಜ್ಞೆ ತಪ್ಪುತ್ತದೆ, ದೇಹ ಸೆಟೆದು ಅದುರುತ್ತದೆ, ಎಚ್ಚೆತ್ತ ಮೇಲೂ ಸ್ವಲ್ಪ ಹೊತ್ತು ಮಂಕು ಕವಿದಿರುತ್ತದೆ. ಕ್ಯಾಟಪ್ಲೆಕ್ಸಿಯಲ್ಲಿ ದೇಹ ಸಡಿಲವಾಗುತ್ತದೆ, ಪ್ರಜ್ಞೆ ಉಳಿದಿರುತ್ತದೆ, ನಗುವಿನಂತಹ ಭಾವವೊಂದು ಅದಕ್ಕೆ ಮುಂಚೆ ಬಂದಿರುತ್ತದೆ. ‘ಬೀಳುವಾಗ ನಾವಾಡಿದ ಮಾತು ಕೇಳಿಸುತ್ತಿತ್ತೆ? ಅದಕ್ಕೆ ಮೊದಲು ನೀನು ನಕ್ಕಿದ್ದೆಯಾ?’ ಎಂಬ ಎರಡು ಪ್ರಶ್ನೆಗಳಿಂದ ಬಹಳಷ್ಟು ತಿಳಿಯುತ್ತದೆ.

ಪರೀಕ್ಷೆ ಮತ್ತು ಚಿಕಿತ್ಸೆ

ಹಗಲುನಿದ್ರೆಯುಳ್ಳವರೆಲ್ಲರೂ ನಾರ್ಕೊಲೆಪ್ಸಿ ರೋಗಿಗಳಲ್ಲ. ನಿದ್ರೆಯ ಕೊರತೆಯೇ ಸರ್ವಸಾಮಾನ್ಯವಾದ ಕಾರಣ. ಗೊರಕೆಯೊಡನೆ ಉಸಿರು ಕಟ್ಟುವ ರೋಗ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆ, ಕೆಲವು ಔಷಧಗಳು ಇವೂ ಕಾರಣವಾಗಬಹುದು. ಆದ್ದರಿಂದ ಮೊದಲು ಎರಡು ವಾರಗಳ ಕಾಲ ಮಲಗಿದ ಮತ್ತು ಎದ್ದ ವೇಳೆಗಳನ್ನು ಪ್ರತಿದಿನ ಬರೆದಿಡುವುದು ಉತ್ತಮ. ರಾತ್ರಿಯ ನಿದ್ರೆ ಸಾಕಷ್ಟಿದ್ದೂ ತೂಕಡಿಕೆ ಮೂರು ತಿಂಗಳು ಮೀರಿ ಮುಂದುವರಿದರೆ ವೈದ್ಯರನ್ನು ಕಾಣಬೇಕು.

ನಿಶ್ಚಿತವಾದ ಪರೀಕ್ಷೆ ದೊಡ್ಡ ನಗರದ ನಿದ್ರಾಪ್ರಯೋಗಶಾಲೆಯಲ್ಲಿ ನಡೆಯಬೇಕು. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಂದರೆ ನಿಮ್ಹಾನ್ಸ್, ಇಂತಹ ರೋಗಗಳ ತಜ್ಞರಿರುವ ಸಂಸ್ಥೆ. ರಾತ್ರಿಯಿಡೀ ಮಿದುಳಿನ ವಿದ್ಯುತ್ತರಂಗಗಳು, ಕಣ್ಣಿನ ಚಲನೆ, ಸ್ನಾಯುಗಳ ಬಿಗಿ, ಉಸಿರಾಟ ಇವನ್ನು ದಾಖಲುಮಾಡುತ್ತಾರೆ. ಮರುದಿನ ಎರಡೆರಡು ಗಂಟೆಗಳಿಗೊಮ್ಮೆ ಐದು ಸಲ ಮಲಗಿಸಿ, ಎಷ್ಟು ಬೇಗ ನಿದ್ರೆ ಹತ್ತುತ್ತದೆ, ಕನಸಿನ ನಿದ್ರೆ ಬರುತ್ತದೆಯೇ ಎಂದು ನೋಡುತ್ತಾರೆ. ಸರಾಸರಿ ಎಂಟು ನಿಮಿಷಗಳೊಳಗೆ ನಿದ್ರೆ ಹತ್ತಿ, ಎರಡು ಸಲವಾದರೂ ಕನಸಿನ ನಿದ್ರೆ ಬೇಗನೆ ಕಾಣಿಸಿಕೊಂಡರೆ ಅದು ನಾರ್ಕೊಲೆಪ್ಸಿಯ ಸೂಚನೆ.

ನಾಶವಾದ ಕೋಶಗಳನ್ನು ಮರಳಿಸುವ ಚಿಕಿತ್ಸೆ ಇನ್ನೂ ಬಂದಿಲ್ಲ. ಆದರೆ ಲಕ್ಷಣಗಳನ್ನು ಹತೋಟಿಯಲ್ಲಿಡುವ ಔಷಧಗಳಿವೆ. ಮೊಡಾಫಿನಿಲ್ ಮುಂತಾದವು ಹಗಲಿನ ಎಚ್ಚರವನ್ನು ಹೆಚ್ಚಿಸುತ್ತವೆ. ವೆನ್ಲಾಫಾಕ್ಸಿನ್‌ನಂತಹವು ಕ್ಯಾಟಪ್ಲೆಕ್ಸಿಯನ್ನು ಕಡಮೆಮಾಡುತ್ತವೆ. ಇವನ್ನು ವೈದ್ಯರ ಸಲಹೆಯಿಂದಲೇ ಸೇವಿಸಬೇಕು. ಹಠಾತ್ತನೆ ನಿಲ್ಲಿಸಲೂ ಬಾರದು. ಪರೀಕ್ಷೆಯ ಕಾಲದಲ್ಲಿ ನಿದ್ರೆಗೆಡಲು ಆರೋಗ್ಯವಂತ ವಿದ್ಯಾರ್ಥಿಗಳು ಇಂತಹ ಮಾತ್ರೆಗಳನ್ನು ನುಂಗುವುದಂತೂ ಕೇವಲ ಅವಿವೇಕ. ಒರೆಕ್ಸಿನ್ನಿನ ಕೆಲಸವನ್ನೇ ಮಾಡಬಲ್ಲ ಹೊಸ ಔಷಧಗಳ ಶೋಧವೂ ನಡೆದಿದೆ. ಅಂತಹ ಒಂದು ಔಷಧ ಬಹಳ ಪರಿಣಾಮಕಾರಿಯಾಗಿದ್ದರೂ ಯಕೃತ್ತಿಗೆ ಹಾನಿಮಾಡಿದ್ದರಿಂದ ಅದರ ಪ್ರಯೋಗವನ್ನು ನಿಲ್ಲಿಸಬೇಕಾಯಿತೆಂದು 2023ರಲ್ಲಿ ಪ್ರಕಟವಾಯಿತು. ಆದರೂ ಶೋಧದ ದಿಕ್ಕು ಸರಿಯಾದುದೆಂಬುದು ಅದರಿಂದ ಸ್ಥಿರಪಟ್ಟಿತು.

ದಿನವನ್ನು ಅಳವಡಿಸಿಕೊಳ್ಳುವ ಬಗೆ

ಔಷಧದಷ್ಟೇ ಮುಖ್ಯವಾದುದು ದಿನದ ವ್ಯವಸ್ಥೆ. ಇದಕ್ಕೆ ಹಣ ಬೇಕಾಗಿಲ್ಲ. ಮನೆಯವರ ಮತ್ತು ಶಾಲೆಯವರ ತಿಳಿವಳಿಕೆ ಬೇಕು.

ಪ್ರತಿ ರಾತ್ರಿ ಒಂದೇ ವೇಳೆಗೆ ಮಲಗಿ, ಬೆಳಿಗ್ಗೆ ಒಂದೇ ವೇಳೆಗೆ ಏಳಬೇಕು. ನಿದ್ರೆ ಮೇಲೆ ಬೀಳುವ ಮುಂಚೆಯೇ ಗೊತ್ತಾದ ಹೊತ್ತಿನಲ್ಲಿ ದಿನಕ್ಕೆ ಎರಡು ಮೂರು ಬಾರಿ ಹದಿನೈದು ಇಪ್ಪತ್ತು ನಿಮಿಷ ಮಲಗಬೇಕು. ಶಾಲೆಯಲ್ಲಿ ಮಧ್ಯಾಹ್ನದ ಬಿಡುವು ಇದಕ್ಕೆ ತಕ್ಕ ಸಮಯ. ಒಂದು ಚಾಪೆ, ಒಂದು ಮೂಲೆ, ಸಮಯಕ್ಕೆ ಎಬ್ಬಿಸುವ ಒಬ್ಬ ಗೆಳೆಯ ಇದ್ದರೆ ಸಾಕು. ಹೊಟ್ಟೆ ಬಿರಿಯುವಂತೆ ಉಣ್ಣುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಉಣ್ಣುವುದು ಮೇಲು. ರೋಗದ ಆರಂಭದಲ್ಲಿ ಮೈತೂಕ ಏರುವುದು ಸಾಮಾನ್ಯವಾದ್ದರಿಂದ ನಡಿಗೆ, ಆಟಗಳನ್ನು ಬಿಡಬಾರದು. ಸಂಜೆಯ ಮೇಲೆ ಕಾಫಿ ಟೀ ಸೇವಿಸಬಾರದು, ಮದ್ಯವನ್ನು ಮುಟ್ಟಲೇಬಾರದು.

ಕಠಿಣವಾದ ಪಾಠಗಳನ್ನು ಬೆಳಗಿನ ಹೊತ್ತು ಅಥವಾ ಕಿರುನಿದ್ರೆಯ ನಂತರ ಓದಿಕೊಳ್ಳಬೇಕು. ಕಣ್ಣೆಳೆಯುವಾಗ ತರಗತಿಯ ಹಿಂದೆ ನಿಂತು ಪಾಠ ಕೇಳಲು ಉಪಾಧ್ಯಾಯರು ಅನುಮತಿ ನೀಡಬೇಕು. ಪರೀಕ್ಷೆಯ ನಡುವೆ ಅಲ್ಪವಿರಾಮವನ್ನೂ ಅದಕ್ಕೆ ತಕ್ಕ ಹೆಚ್ಚಿನ ಕಾಲವನ್ನೂ ಕೊಡುವುದು ನ್ಯಾಯವೇ ಹೊರತು ದಯೆಯಲ್ಲ.

ಉದ್ಯೋಗದ ಆಯ್ಕೆಯಲ್ಲಿ ವಿವೇಚನೆ ಬೇಕು. ರಾತ್ರಿಯ ಪಾಳಿ, ವಾಹನಚಾಲನೆ, ಎತ್ತರದ ಕೆಲಸ, ಬೆಂಕಿ ಮತ್ತು ಕುದಿನೀರಿನ ಹತ್ತಿರದ ಕೆಲಸಗಳನ್ನು ರೋಗ ಹತೋಟಿಗೆ ಬರುವವರೆಗಾದರೂ ಬಿಡಬೇಕು. ನೇಯ್ಗೆಯನ್ನೇ ತೆಗೆದುಕೊಂಡರೆ, ಕೈಮಗ್ಗದಲ್ಲಿ ನೇಕಾರನ ಕೈ ನಿಂತೊಡನೆ ಲಾಳಿಯೂ ನಿಲ್ಲುತ್ತದೆ. ವಿದ್ಯುತ್ ಮಗ್ಗ ಹಾಗೆ ಕಾಯುವುದಿಲ್ಲ. ನಡುವೆ ನಿಲ್ಲಿಸಬಹುದಾದ, ಓಡಾಟವುಳ್ಳ, ತನ್ನ ವೇಳೆಯನ್ನು ತಾನೇ ಹೊಂದಿಸಿಕೊಳ್ಳಬಹುದಾದ ಕೆಲಸ ಇವರಿಗೆ ಒಗ್ಗುತ್ತದೆ.

ಕ್ಯಾಟಪ್ಲೆಕ್ಸಿಯಿಂದ ಒಬ್ಬನು ಬಿದ್ದರೆ ನೀರೆರಚುವುದಾಗಲಿ, ಕೈಯಲ್ಲಿ ಕಬ್ಬಿಣ ಹಿಡಿಸುವುದಾಗಲಿ ಬೇಡ. ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ಮೆಲುದನಿಯಲ್ಲಿ ಧೈರ್ಯ ಹೇಳಿ, ಒಂದೆರಡು ನಿಮಿಷ ಕಾದರೆ ಸಾಕು. ಅವನಿಗೆ ನಿಮ್ಮ ಮಾತೆಲ್ಲ ಕೇಳಿಸುತ್ತಿದೆ ಎಂಬುದನ್ನು ಮರೆಯಬೇಡಿ.

ನರರೋಗತಜ್ಞರು ನಗರಗಳಲ್ಲಿದ್ದಾರೆ, ರೋಗಿಯಾದರೋ ಹನೂರಿನ ಆಚೆಯ ಹಳ್ಳಿಯಲ್ಲಿರಬಹುದು. ಈ ದೂರವನ್ನು ಮೊದಲು ದಾಟಬಲ್ಲವರು ಆ ಊರಿನ ಆಶಾ ಕಾರ್ಯಕರ್ತೆ, ಉಪಾಧ್ಯಾಯರು, ಪಕ್ಕದ ಬೆಂಚಿನ ಸಹಪಾಠಿ. ದಿನವೂ ತೂಕಡಿಸುವ, ನಗಲು ಅಂಜುವ ಗೆಳೆಯನೊಬ್ಬನು ನಿಮ್ಮ ತರಗತಿಯಲ್ಲಿದ್ದರೆ ಬಿರುದು ಕೊಡುವ ಬದಲು ಮೇಲೆ ಹೇಳಿದ ಎರಡು ಪ್ರಶ್ನೆಗಳನ್ನು ಅವನಿಗೆ ಕೇಳಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅವನ ಜೊತೆಯಲ್ಲಿ ಹೋಗಿಬನ್ನಿ. ಕಳೆದುಹೋಗಲಿದ್ದ ಹತ್ತು ವರ್ಷಗಳು ಅದರಿಂದ ಅವನಿಗೆ ಉಳಿಯಬಹುದು.